ನಾಲ್ಕನೆಯ ಷರತ್ತು

“ಕೈಗೆ ಕೊಡೋಕೆ ಬರ್ತೀಯೇನ್ಲಾ, ಮುಂಡೇಮಗನೆ! ಕಿಟಕಿ ಕಟ್ಟೆ ಮೇಲಿಡು.”

ಮುನಿಯಲ್ಲಪ್ಪ ರಜೆಯ ಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿದ. ಶಾಲೆಯ ಸೆಕ್ರೆಟರಿ ಒಳಗಿನಿಂದ ಪಂಚಪಾತ್ರೆಯ ನೀರು ಚಿಮುಕಿಸಿ, ಆಮೇಲೆ ಅದನ್ನು ಎತ್ತಿಕೊಂಡರು. ಮಹಾಯುದ್ಧ ಶುರುವಾದ ವರ್ಷ ಅವನು ಮೇಷ್ಟ್ರಾಗಿ ಸೇರಿದಾಗಿನಿಂದಲೂ ಹೀಗೇ. ಮುಳಬಾಗಿಲಿನ ಆ ಶಾಲೆಯಲ್ಲಿ ಅವನಷ್ಟು ದುಂಡಗೆ ಬರೆಯುವವರಿರಲಿಲ್ಲ. ಅವನು ಮುಟ್ಟಿದ ಕಾಗದವನ್ನು ಹಾಗೇ ಮುಟ್ಟುವವರೂ ಇರಲಿಲ್ಲ. ಅದಕ್ಕೇ ಅವನ ಬಳಿ ಎರಡು ಶಾಯಿ ಕುಡಿಕೆ: ಮಕ್ಕಳ ಪಾಠಕ್ಕೆ ಬಿಲ್ಲೆ ಕರಗಿಸಿದ ನೀಲಿ, ಸೆಕ್ರೆಟರಿಯ ಕಾಗದಗಳಿಗೆ ನೀರು ಬಿದ್ದರೂ ಹರಡದ ಕಪ್ಪು.

ಒಳಗೆ ಉಪಾಧ್ಯಾಯರ ಸಂಘಕ್ಕೂ ಆಡಳಿತ ಮಂಡಳಿಗೂ ಕರಾರಿನ ಮಾತುಕತೆ. ಒಪ್ಪಿಗೆಯಾದ ಷರತ್ತು ಚೀಟಿಯಲ್ಲಿ ಹೊರಗೆ ಬರಬೇಕು, ಜಗಲಿಯಲ್ಲಿ ಕೂತು ಅವನು ಶುದ್ಧಪ್ರತಿ ಬರೆಯಬೇಕು. ಅವನು ಕಾಯುತ್ತಿದ್ದುದು ನಾಲ್ಕನೆಯದಕ್ಕೆ. ವಿಚಾರಣೆಯಿಲ್ಲದೆ ಯಾರನ್ನೂ ತೆಗೆಯಬಾರದು ಎಂಬುದು ಅದು. ಅವನನ್ನು ಓಡಿಸಲು ಸೆಕ್ರೆಟರಿ ಹೊಂಚು ಹಾಕಿದ್ದು ಎಲ್ಲರಿಗೂ ಗೊತ್ತಿತ್ತು. ಸಂಘದ ಅಧ್ಯಕ್ಷ ಚನ್ನರಾಯಪ್ಪ ಹೋದ ತಿಂಗಳು ಅವನ ಗುಡಿಸಲಿಗೇ ಬಂದು, ಹೆಂಡತಿ ಆದಿಲಕ್ಷ್ಮಿ ಕೊಟ್ಟ ಮಜ್ಜಿಗೆ ಕುಡಿದು, “ನಿನ್ ಬಿಟ್ಟು ನಾವ್ಯಾರೂ ರುಜು ಹಾಕಲ್ಲ ಕಣಯ್ಯ” ಅಂದಿದ್ದ. ಆ ಲೋಟವನ್ನು ಅವಳು ಎರಡು ದಿನ ತೊಳೆದಿರಲಿಲ್ಲ.

ಮೂರು ಚೀಟಿ ಬಂದವು. ಒಳಗೆ ನಗು, ಕಾಫಿ ಲೋಟಗಳ ಸದ್ದು. ಆಮೇಲೆ ಚನ್ನರಾಯಪ್ಪನೇ ಬಾಗಿಲಿಗೆ ಬಂದ. ಹೊಸ್ತಿಲು ದಾಟಲಿಲ್ಲ.

“ನಾಲ್ಕನೇದು ಬೇರೆ ಥರ ಬರ್ಕೋ. ‘ಹಂಗಾಮಿ ಉಪಾಧ್ಯಾಯರಿಗೆ ಈ ಕರಾರು ಅನ್ವಯಿಸದು.’”

“ಹಂಗಾಮಿ ಇರೋನು ನಾನೊಬ್ನೇ ಅಲ್ವಾಣ್ಣ?”

“ಅದೊಂದು ಬಿಟ್ಕೊಟ್ರೆ ಮಿಕ್ಕಿದ್ದೆಲ್ಲ ಒಪ್ತೀವಿ ಅಂದ್ರು. ಹನ್ನೊಂದು ಸಂಸಾರ ಕಣಯ್ಯ. ಏಂ ಚೇಸೇದಿ, ಏನ್ ಮಾಡೋದು, ನೀನೇ ಹೇಳು.”

ಮುನಿಯಲ್ಲಪ್ಪ ಮೂರು ಚೀಟಿಗಳನ್ನೂ ಒಂದರ ಮೇಲೊಂದು ಜೋಡಿಸಿಟ್ಟ.

ಚನ್ನರಾಯಪ್ಪ ಜಗಲಿಯ ಕಂಬದತ್ತ ನೋಡಿದ. “ದುಂಡಗೆ ಬರಿ. ಎಲ್ರೂ ಕಾಯ್ತಾವ್ರೆ.”

ಅವನು ಒಳಗೆ ಹೋದ ಮೇಲೆ ಮುನಿಯಲ್ಲಪ್ಪ ನೀಲಿ ಕುಡಿಕೆಯ ಮುಚ್ಚಳ ತೆಗೆದ. ಮೂರು ಷರತ್ತುಗಳನ್ನೂ ಎಂದಿಗಿಂತ ದುಂಡಗೆ ಬರೆದ. ಲೆಕ್ಕಣಿಯನ್ನು ಪಂಚೆಯ ಅಂಚಿಗೆ ಒರೆಸಿ, ಕಪ್ಪಿನಲ್ಲಿ ಅದ್ದಿ, ಇನ್ನೊಂದು ಸಾಲು ಬರೆದ. ಒಣಗುವ ತನಕ ಕಾದು ಕಟ್ಟೆಯ ಮೇಲಿಟ್ಟ.

ಸೆಕ್ರೆಟರಿ ಯಾರ ಜೊತೆಗೋ ನಗುತ್ತಲೇ ನೀರು ಚಿಮುಕಿಸಿದರು. ರುಜುವಿನ ದಿನವೆಂದು ಇನ್ನೊಂದು ಉದ್ಧರಣೆ ಹೆಚ್ಚಿಗೆ ಸುರಿದರು. ಕಾಗದವನ್ನು ಓರೆಯಾಗಿ ಎತ್ತಿದರೆ ನೀಲಿ ಹೊಳೆಯಾಗಿ ಇಳಿದು ಅವರ ಬೆರಳಿಗೆ, ಮಡಿ ಪಂಚೆಗೆ ಹರಿಯಿತು.

“ಲೇ! ಏನ್ಲಾ ಮಾಡ್ದೆ?”

“ನೀರು ಹಾಕಿದ್ದು ನೀವಲ್ವಾ ಸ್ವಾಮಿ?”

ಕಾಗದ ಮೇಜಿನ ಮೇಲೆ ಬಿತ್ತು. ಹನ್ನೊಂದು ಜನ ಮೇಷ್ಟ್ರೂ ಬಗ್ಗಿ ನೋಡಿದರು. ಮೂರು ಷರತ್ತುಗಳಿದ್ದಲ್ಲಿ ನೀಲಿ ಕೆಸರು. ಅದರ ಕೆಳಗೆ ಕಪ್ಪಗೆ, ಒಂದಕ್ಷರವೂ ಅಳಿಸದೆ: ‘ಯಾವ ಉಪಾಧ್ಯಾಯನನ್ನೂ ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆಯತಕ್ಕದ್ದಲ್ಲ.’

ಮುನಿಯಲ್ಲಪ್ಪ ಎರಡೂ ಕುಡಿಕೆಗಳನ್ನು ವಲ್ಲಿಯಲ್ಲಿ ಕಟ್ಟಿಕೊಂಡು ಜಗಲಿ ಇಳಿದ. ಕಿಟಕಿಯೊಳಗೆ, ರುಜು ಹಾಕಲು ಮುಚ್ಚಳ ತೆಗೆದ ಪೆನ್ನು ಚನ್ನರಾಯಪ್ಪನ ಕೈಯಲ್ಲಿ ಹಾಗೇ ಇತ್ತು.