ಮೋರಿ ನೀರಿನ ಕೊತ್ತಂಬರಿ

ಚಿಂತಾಮಣಿ ಸಂತೆಯ ಪಕ್ಕದ ಮೋರಿಯಲ್ಲಿ ಓಬಳಮ್ಮ ಬಾಡಿದ ಕೊತ್ತಂಬರಿ ಕಟ್ಟುಗಳನ್ನು ಅದ್ದತೊಡಗಿದಳು. ಸೊಸೆ ಶ್ಯಾಮಲಮ್ಮ ತಡೆದಳು. ಅವಳ ಮಗಳು ರಕ್ತಭೇದಿಯಿಂದ ಮನೆಯಲ್ಲಿ ಮಲಗಿದ್ದಳು. ಹೋದ ವರ್ಷ ಗುಣ ಕೊಟ್ಟ ಸಲ್ಫಾ ಮಾತ್ರೆಗೆ ಈ ಸಲ ಕಾಯಿಲೆ ಜಗ್ಗುತ್ತಿಲ್ಲ, ಹಸಿ ಸೊಪ್ಪು ಕೊಡಲೇಬೇಡಿ ಎಂದು ಡಾಕ್ಟರು ಹೇಳಿದ್ದರು.

"ಬೇಡ ಅತ್ತೆ, ಈ ನೀರಿಂದಲೇ ಅಂತೆ ಬರೋದು."

"ಬಾಡಿದ್ದನ್ನ ಯಾರೂ ಮೂಸಲ್ಲ ಕಣೇ. ನಮ್ಮತ್ತೆ ಕಾಲದಿಂದ ಹಿಂಗೇ ಅದ್ದಿ ಮಾರ್ತಿರೋದು" ಎಂದು ಓಬಳಮ್ಮ ಉಳಿದ ಕಟ್ಟುಗಳನ್ನೂ ಅದ್ದಿದಳು.

ಮಧ್ಯಾಹ್ನದ ಹೊತ್ತಿಗೆ ಎರಡು ಕಟ್ಟು ಬಿಟ್ಟು ಎಲ್ಲವೂ ಹೋದವು. ಉಳಿದ ಸೊಪ್ಪು ಎಂದಿನಂತೆ ಮನೆಯ ಚಟ್ನಿಗೆಂದು ಓಬಳಮ್ಮ ಮಡಿಲಿಗೆ ಹಾಕಿಕೊಂಡಳು. ಶ್ಯಾಮಲಮ್ಮ ಅದನ್ನು ಕಿತ್ತು ಮೋರಿಗೆಸೆದಳು.

"ಊರೋರ ಮಕ್ಕಳು ತಿಂದ್ರೆ ಆಗುತ್ತೆ, ನಿನ್ನ ಮಗಳಿಗೆ ಆಗಲ್ವೇನೇ?" ಎಂದಳು ಓಬಳಮ್ಮ.

ಬೆಳಗಿನಿಂದ ಗಿರಾಕಿಗಳನ್ನು ಕೂಗಿ ಕರೆದು ಸೊಪ್ಪು ಕೊಟ್ಟವಳು ಶ್ಯಾಮಲಮ್ಮನೇ.