ಕೊನೆಯ ಕ್ಲಿಪ್ಪು

ಕೊನೆಯ ಕ್ಲಿಪ್ಪು ಅಲುಗಾಡುತ್ತಿದೆ, ಅದರ ಬಾಯಲ್ಲಿರುವ ಚೀಟಿ ಗಾಳಿಗೆ ಪಟಪಟ ಎನ್ನುತ್ತಿದೆ, ಬಿಯೆನೆ, ಅಂದರೆ ಬರುತ್ತಾಳೆ, ನಾನು ಹೇಳದೇ ಬಂದ ಮಾತು — ಆಸ್ಪತ್ರೆಯ ಬೆಡ್‌ಶೀಟು ಒಣಗಿಸುವ ಈ ತಾರಸಿಯಲ್ಲಿ ಎರಡು ತಿಂಗಳಿಂದ ನನ್ನ ಸ್ಪ್ಯಾನಿಷ್ ಕಲಿಕೆ ಹೀಗೆಯೇ, ಚೀಟಿಗೊಂದು ಪದ, ಚೀಟಿಗೊಂದು ಕ್ಲಿಪ್ಪು, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ತಂತಿಯೇ ಕರಿಹಲಗೆ, ಮೂರನೇ ಮಂಚದ ಅಜ್ಜಿಗೆ ಪಾರ್ಶ್ವವಾಯು ಬಡಿದ ಮೇಲೆ ತಾಯ್ನುಡಿಯಾದ ಸ್ಪ್ಯಾನಿಷ್ ಒಂದು ಬಿಟ್ಟು ಮಿಕ್ಕ ಮಾತೆಲ್ಲ ಅಳಿಸಿಹೋಗಿದೆ, ಬೆಡ್‌ಶೀಟು ಬದಲಿಸಲು ಹೋದಾಗೆಲ್ಲ ಬೆರಳು ತೋರಿಸಿ ಪದ ಕಲಿಸುತ್ತಾರೆ, ಪದಗಳೇನೋ ಬಂದವು, ಅವನ್ನು ಜೋಡಿಸುವ ಸಾಲು ಮಾತ್ರ ನಮ್ಮ ಕನ್ನಡದ್ದೇ ಉಳಿಯಿತು, ಮೊದಲು ಯಾರು, ಆಮೇಲೆ ಯಾವಾಗ, ಏನು ಮಾಡಿದರು ಎನ್ನುವುದು ಕಟ್ಟಕಡೆಗೆ. ಓಯ್ ಅಂದರೆ ಇವತ್ತು ಎಂದಾಗ ಇಸ್ತ್ರಿಯ ಅಕ್ಕ ನಕ್ಕಿದ್ದರು, ಬಾಯೇ ಬಿಡದವಳು ಯಾರನ್ನೇ ಓಯ್ ಅಂತ ಕರೀತಿದ್ದೀಯ. ಬೆಳಿಗ್ಗೆ ನರ್ಸಮ್ಮ ಕರೆದರು, ಅಜ್ಜಿ ಎರಡು ದಿನದಿಂದ ಊಟ ಮುಟ್ಟಿಲ್ಲ, ಮಗಳು ಫೋನ್ ಮಾಡಿದ್ರು, ಸಂಜೆ ಬರ್ತಾರಂತೆ, ನೀನೇ ಹೇಳಮ್ಮ, ಇನ್ಯಾರಿಗೆ ಬರುತ್ತೆ ಆ ಭಾಷೆ — ಮಂಚದ ಮುಂದೆ ನಿಂತೆ, ವಾರ್ಡಿನ ಕಣ್ಣೆಲ್ಲ ನನ್ನ ಮೇಲೆ, ಸು ಈಹ, ನಿಮ್ಮ ಮಗಳು, ಓಯ್, ಇವತ್ತು, ಅಲ್ಲಿಗೆ ಮಾತು ನಿಂತುಹೋಯಿತು, ಅಜ್ಜಿ ಕಾದರು, ಕಾದಷ್ಟೂ ಮುಖ ಬಿಳಿಚಿತು, ಮಗಳು ಇವತ್ತು ಏನಾದಳು, ಆಡುವ ಆ ಒಂದೇ ಕೈ ಬೆಡ್‌ಶೀಟನ್ನು ಹಿಡಿದು ಹಿಂಡಿತು, ನಾನು ಬುಟ್ಟಿ ಎತ್ತಿಕೊಂಡು ಓಡಿಬಂದೆ.

ಮನೆಯಲ್ಲೂ ಹೀಗೆಯೇ, ಅಮ್ಮ ಅನ್ನುತ್ತಿದ್ದಳು, ಪೂರ್ತಿ ಹೇಳಿ ಸಾಯೇ. ಮೂರನೇ ಮಂಚದ ಅಜ್ಜಿ ಹೇಗೆ ಹೇಳುತ್ತಾರೆ, ನೆನಪು ಮಾಡಿಕೊ, ಬಂದರು ಡಾಕ್ಟರು, ಬಂತು ಔಷಧಿ, ಬರುವುದೇ ಮೊದಲು, ಬರುವವರು ಆಮೇಲೆ, ಹಾಗೂ ಇಡಬಹುದು ಸಾಲನ್ನು, ಹಾಗಿಟ್ಟರೆ ನಡುವೆ ಮಾತು ನಿಂತರೂ ಯಾರ ಜೀವವೂ ಹಾರುವುದಿಲ್ಲ — ಕೊನೆಯ ಕ್ಲಿಪ್ಪಿನ ಚೀಟಿ ಕಿತ್ತುಕೊಂಡೆ, ಮೆಟ್ಟಿಲು, ಕಾರಿಡಾರು, ಫಿನಾಯಿಲ್ ವಾಸನೆ, ವಾರ್ಡಿನ ಬಾಗಿಲಲ್ಲೇ ಅಂದುಬಿಟ್ಟೆ, ಬಿಯೆನೆ, ಆಮೇಲೆ ಉಸಿರು, ಓಯ್, ಮತ್ತೆ ಉಸಿರು, ಸು ಈಹ. ಬೆಡ್‌ಶೀಟು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿದವು, ನನ್ನ ಕೈಯ ಚೀಟಿ ತೆಗೆದುಕೊಂಡು ಮತ್ತೆ ಮುಚ್ಚಿದವು, ಬಿಯೆನೆ, ಅವರೂ ಅಂದರು, ನರ್ಸಮ್ಮನ ಚಮಚಕ್ಕೆ ಬಾಯಿ ತೆರೆದರು. ಈಗ ಮತ್ತೆ ತಾರಸಿ, ಬೆಡ್‌ಶೀಟುಗಳು ಒಣಗಿವೆ, ಮಡಿಸಬೇಕು, ಮಗಳು ಬರಲು ಇನ್ನೂ ಹೊತ್ತಿದೆ, ಕೆಳಗೆ ಆ ಮುಷ್ಟಿ ಮುಚ್ಚಿಯೇ ಇರಬೇಕು, ಇಲ್ಲಿ ಕೊನೆಯ ಕ್ಲಿಪ್ಪು, ಖಾಲಿ, ಗಾಳಿ ಕಚ್ಚಿಕೊಂಡು, ಕೊನೆಯ ಕ್ಲಿಪ್ಪು —