ಬೇವಿನ ಹಗ್ಗದ ಆಚೆ

ಯುದ್ಧ ಮುಗಿದ ಮರುವರ್ಷ, ದೀಪಾವಳಿ ಹೊತ್ತಿನ ಮಳೆಗೆ ಉದ್ದನಪಲ್ಲಿ ಆಚೆಯ ಒಂದು ಕೆರೆಯ ಏರಿ ಒಡೆದು, ಕೆಳಗಿದ್ದ ಹಳ್ಳಿಯನ್ನು ಅರ್ಧ ಎಳೆದುಕೊಂಡು ಹೋಯಿತು. ಸುದ್ದಿ ಮುಟ್ಟಿದ ಮೇಲೆ ಮತ್ತಿಗಿರಿಯ ಚರ್ಚಿನವರು ಮನೆಮನೆ ತಿರುಗಿ ರಾಗಿ, ಹುರುಳಿ, ಉಪ್ಪು, ಕಂಬಳಿ, ಹಳೆ ಸೀರೆ ಕೂಡಿಸಿದರು. ಒಂದು ಗಾಡಿ ತುಂಬಿತು. ಹೊಡೆಯಲು ಇನ್ನಾಸಪ್ಪ ಒಪ್ಪಿದ. ಹೆಂಗಸರಿಗೆ ಸೀರೆ ಹಂಚುವಾಗ ಹೆಂಗಸೊಬ್ಬಳು ಇರಲಿ ಎಂದು ಪಾದ್ರಿ ಸ್ವಾಮಿಗಳು ಹೇಳಿದ್ದರಿಂದ ಅವನ ಅತ್ತಿಗೆ ಚೌರಮ್ಮ ಜೊತೆಗೆ ಹೊರಟಳು. ಚೌರಮ್ಮ ಹೆರಿಗೆ ಮಾಡಿಸುವವಳು. ಗುರುತಿಲ್ಲದ ಮನೆಯ ಒಲೆ ಮುಂದೆಯೂ ಸಂಕೋಚವಿಲ್ಲದೆ ಕೂರುವವಳು.

ಹಳ್ಳಿ ಹತ್ತಿರವಾದಂತೆ ದಾರಿಯಲ್ಲಿ ಕೆಸರು ಹೆಚ್ಚಾಯಿತು, ಮಾತು ಕಡಿಮೆಯಾಯಿತು. ಬಿದ್ದ ಗೋಡೆಗಳ ನಡುವೆ ಒಬ್ಬ ಮನುಷ್ಯನೂ ಕಾಣಲಿಲ್ಲ. ಬೇಲಿಯ ಬುಡದಲ್ಲಿ ಇಲಿಗಳು ಸತ್ತು ಊದಿಕೊಂಡು ಬಿದ್ದಿದ್ದವು. ಊರು ದಾಟಿ, ಹೊಸ ಗುಡಿಸಲುಗಳು ಕಾಣುತ್ತಿದ್ದ ಬಂಡೆಯ ಕಡೆ ತಿರುಗುವಲ್ಲಿ ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಅದಕ್ಕೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಇನ್ನಾಸಪ್ಪ ಮೂಗುದಾರ ಜಗ್ಗಿ ಎತ್ತುಗಳನ್ನು ನಿಲ್ಲಿಸಿದ.

ಆ ಸೀಮೆಯವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲಿ ಬಿದ್ದರೆ ಪ್ಲೇಗು. ಪ್ಲೇಗು ಬಂದರೆ ಊರು ಬಿಟ್ಟು ಬಯಲಲ್ಲಿ ಗುಡಿಸಲು. ಗುಡಿಸಲ ದಾರಿಗೆ ಬೇವಿನ ಹಗ್ಗ. ಹಗ್ಗ ದಾಟಿ ಒಳಗೆ ಹೋದವರು ಅಮಾವಾಸ್ಯೆ ಕಳೆಯುವವರೆಗೆ ಈಚೆ ಬರುವಂತಿಲ್ಲ. ಚೌರಮ್ಮನ ಗಂಡ, ಮಗ ಇಬ್ಬರೂ ಒಂದೇ ವಾರದಲ್ಲಿ ಅಂಥ ಗುಡಿಸಲಿನಲ್ಲೇ ಹೋಗಿದ್ದರು.

“ಮೂಟೆ ಇಲ್ಲೇ ಇಳ್ಸಿ ತಿರುಗ್ಬುಡಾನ ಅತ್ತಿಗೆ,” ಅಂದ ಇನ್ನಾಸಪ್ಪ. “ಸ್ವಾಮಿಗಳು ರಾಗಿ ಕೊಟ್ಬನ್ನಿ ಅಂದ್ರು. ಪ್ರಾಣ ಕೊಟ್ಬನ್ನಿ ಅನ್ಲಿಲ್ಲ.”

ಚೌರಮ್ಮ ಬೇಡವೆನ್ನಲಿಲ್ಲ. ಇಬ್ಬರೂ ಸೇರಿ ಮೂಟೆಗಳನ್ನು ಹಗ್ಗದ ಕೆಳಗೆ ಉರುಳಿಸುತ್ತಿರುವಾಗ ಬಂಡೆಯ ಕಡೆಯಿಂದ ಊರಿನ ಹಿರಿಯ ಚಿಕ್ಕಮುನಿಯಪ್ಪ ಇಳಿದು ಬಂದು, ಮೂಗಿಗೆ ಟವಲು ಹಿಡಿದು ದೂರದಲ್ಲೇ ನಿಂತ. ನೀರು ಇಳಿದ ಮೇಲೆ ಎಲ್ಲಿ ನೋಡಿದರೂ ಇಲಿ ಸತ್ತಿದ್ದವಂತೆ. ಅದರ ಹಿಂದೆಯೇ ಮಂಗಮ್ಮ ಅನ್ನುವ ಹುಡುಗಿಗೆ ಜ್ವರ ಬಂದು ತೊಡೆ ಸಂದಿಯಲ್ಲಿ ಗಡ್ಡೆ ಎದ್ದಿತಂತೆ. ಅವಳನ್ನು ಹೊಂಗೆ ಮರದ ಕೆಳಗೆ ಬೇರೆ ಗುಡಿಸಲಲ್ಲಿ ಹಾಕಿದ್ದರು. ತಾಯಿ ಅಶ್ವತ್ಥಮ್ಮ ಒಳಗೆ ನುಗ್ಗದಂತೆ ಇಬ್ಬರು ಹೆಂಗಸರು ಕಾವಲು ಕೂತಿದ್ದರು. ಅವಳಿಗೆ ಇನ್ನೂ ಎರಡು ಸಣ್ಣ ಮಕ್ಕಳಿದ್ದವು. ನಿನ್ನೆಯವರೆಗೆ ಬಾಗಿಲ ಮುಂದೆ ನೀರಿಟ್ಟು ಬರುತ್ತಿದ್ದರು, ಇವತ್ತು ಅದಕ್ಕೂ ಯಾರಿಗೂ ಧೈರ್ಯ ಬಂದಿರಲಿಲ್ಲ.

ಇಲಿ ಬಿದ್ದದ್ದು ನೀರು ಬರುವ ಮೊದಲೋ ಆಮೇಲೋ ಎಂದು ಚೌರಮ್ಮ ಕೇಳಿದಳು. ಆಮೇಲೆಯೇ ಅಂದ. ಬೇರೆ ಏನೇನು ಸತ್ತಿದ್ದವು ಎಂದು ಕೇಳಿದಳು. ಕೋಳಿ, ಹೆಗ್ಗಣ, ಬೇಲಿಯಲ್ಲಿ ಸಿಕ್ಕಿಕೊಂಡ ಹಾವುಗಳು, ಎಲ್ಲವನ್ನೂ ಹೇಳಿದ.

“ಪಿಳೇಗು ಹಾವ್ನ ಕೊಲ್ಲಲ್ಲ ಕಣಣ್ಣ. ಇವೆಲ್ಲ ನೀರು ಕುಡ್ದು ಸತ್ತಿರೋವು.”

“ಮಗೀಗೆ ಗಡ್ಡೆ ಎದ್ದೈತಲ್ಲಮ್ಮ. ಅದೂ ನೀರು ಕುಡ್ದು ಎದ್ದಿತಾ?”

ಚೌರಮ್ಮ ಹೊಂಗೆ ಮರದ ಕಡೆ ನೋಡಿದಳು. ಹುಡುಗಿಯ ಕಾಲಿಗೆ ಏನಾದರೂ ಆಗಿತ್ತೇ ಎಂದು ಮೆಲ್ಲಗೆ ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಬಂಡೆಯ ಮೇಲಿನಿಂದ ಅಶ್ವತ್ಥಮ್ಮ ಕೂಗಿ ಹೇಳಿದಳು: ನೀರಿನಿಂದ ಎಳೆದುಕೊಂಡಾಗ ಕುಂಟುತ್ತಿದ್ದಳು, ಆ ಗಲಾಟೆಯಲ್ಲಿ ಯಾರೂ ಅಂಗಾಲು ನೋಡಲಿಲ್ಲ.

ಕಾಲಲ್ಲಿ ಗಾಯ ಕೀವಾದರೆ ತೊಡೆ ಸಂದಿಯಲ್ಲಿ ಗಂಟು ಏಳುವುದು ದನ ಕಾಯುವವರಿಗೂ ಗೊತ್ತು. ಪ್ಲೇಗಿನ ಗಡ್ಡೆ ಏಳುವುದೂ ಅಲ್ಲಿಯೇ, ಇಲ್ಲವೆ ಕಂಕುಳಲ್ಲಿ. ಹತ್ತಿರ ಹೋಗಿ ಅಂಗಾಲು ನೋಡಿದರೆ ಮಾತ್ರ ತಿಳಿಯುತ್ತಿತ್ತು. ನೋಡಿದ ಮೇಲೆ ಪ್ಲೇಗೇ ಎಂದು ತಿಳಿದರೆ ತಿಳಿದದ್ದರಿಂದ ಏನೂ ಉಪಯೋಗವಿರಲಿಲ್ಲ.

ಚೌರಮ್ಮನ ಮುಖ ನೋಡಿ ಇನ್ನಾಸಪ್ಪನಿಗೆ ಅರ್ಥವಾಯಿತು. “ಅಣ್ಣನ್ನೂ ಮಗೀನೂ ನಾನೇ ಹೂತಿದೀನಿ. ನಿನ್ನೂ ಹೂಳೋಕೆ ನನ್ ಕೈಲಾಗಲ್ಲ ಅತ್ತಿಗೆ.”

ಅವಳು ಗಾಡಿಯ ಚಕ್ರ ಹಿಡಿದುಕೊಂಡು ನಿಂತೇ ಇದ್ದಳು. ಆಗ ಹೊಂಗೆ ಮರದ ಕಡೆಯಿಂದ ಹುಡುಗಿ ನೀರು ಕೇಳುವ ದನಿ ಬಂತು. ಮತ್ತೊಮ್ಮೆ ಬಂತು. ಆಮೇಲೆ ನಿಂತುಹೋಯಿತು. ಬಂಡೆಯ ಮೇಲಿದ್ದ ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚೌರಮ್ಮ ಉಪ್ಪಿನ ಗಂಟಿನಿಂದ ಒಂದು ಹಿಡಿ ಸೆರಗಿಗೆ ಕಟ್ಟಿಕೊಂಡು, ರವಿಕೆಯ ತೋಳು ಮೇಲೆ ಸರಿಸಿ, ಒಂದು ಕೊಡ ಬಿಸಿನೀರು ಬೇಕೆಂದು ಚಿಕ್ಕಮುನಿಯಪ್ಪನಿಗೆ ಹೇಳಿ, ಬಗ್ಗಿ ಹಗ್ಗದ ಕೆಳಗೆ ನುಸುಳಿದಳು.

ಗುಡಿಸಲೊಳಗೆ ಕತ್ತಲು, ನಾತ. ಹುಡುಗಿ ಗೋಡೆಯ ಕಡೆ ತಿರುಗಿ ಮುದುಡಿಕೊಂಡಿದ್ದಳು. ಚೌರಮ್ಮ ಅವಳ ಬಾಯಿಗೆ ನೀರು ಬಿಟ್ಟು, ಮೊದಲು ಕಂಕುಳು ಮುಟ್ಟಿ ನೋಡಿದಳು. ಏನೂ ಇರಲಿಲ್ಲ. ತೊಡೆ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟಿತ್ತು. ಅದು ಬೆರಳಿಗೆ ತಗುಲಿದಾಗ ಚೌರಮ್ಮನಿಗೆ ಎದ್ದು ಓಡಿಬಿಡಬೇಕು ಅನ್ನಿಸಿತು. ಮಗನಿಗೂ ಇಷ್ಟೇ ದಪ್ಪ ಇತ್ತು. ಅವಳು ಕಣ್ಣು ಮುಚ್ಚಿಕೊಂಡು ಕೈಯನ್ನು ಕಾಲುದ್ದಕ್ಕೂ ಕೆಳಗೆ ಒಯ್ದಳು. ಪಾದ ಊದಿ ಬಿಗಿದಿತ್ತು. ಒಣಗಿದ ಕೆಸರನ್ನು, ಊರವರು ದೂರದಲ್ಲಿ ಇಟ್ಟುಹೋದ ಬಿಸಿನೀರಿನಲ್ಲಿ ನೆನೆಸಿ ತೊಳೆದಾಗ ಅಂಗಾಲಿನಲ್ಲಿ ಒಂದು ಕಪ್ಪು ತೂತು ಕಂಡಿತು. ಒತ್ತಿದಾಗ ಹುಡುಗಿ ಕಿರುಚಿದಳು. ಕೀವು, ಕೀವಿನ ಹಿಂದೆ ರಕ್ತ, ಅದರ ಹಿಂದೆ ಬೆರಳುದ್ದದ ಬಿದಿರ ಸಿಬರು ಬಂತು. ಕೊಚ್ಚಿಹೋದ ಯಾರದೋ ಮನೆಯ ಸೂರಿನದು.

ಅವಳು ಬಾಗಿಲಿಗೆ ಬಂದು ಸಿಬರನ್ನು ಎತ್ತಿ ತೋರಿಸಿದಳು. ಚಿಕ್ಕಮುನಿಯಪ್ಪ ನೋಡಿದ, ಆದರೆ ಹತ್ತಿರ ಬರಲಿಲ್ಲ. ಸಿಬರಿನದೇ ಇದ್ದರೂ ಇರಬಹುದು, ಊರ ಕಟ್ಟು ಕಟ್ಟೇ, ಅಮಾವಾಸ್ಯೆವರೆಗೆ ಅಲ್ಲೇ ಇರಿ ಅಂದ. ಅಷ್ಟರಲ್ಲಿ ಅಶ್ವತ್ಥಮ್ಮ ಸಣ್ಣ ಮಕ್ಕಳನ್ನು ಕಾವಲಿನವರ ಮಡಿಲಿಗೆ ತಳ್ಳಿ ಬಂಡೆಯಿಂದ ಓಡಿ ಬಂದಳು. ಚಿಕ್ಕಮುನಿಯಪ್ಪ ತಡೆಯಲು ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡ. ಅವಳು ಒಳಗೆ ಹೋಗಿ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಇನ್ನಾಸಪ್ಪ ಸಂಜೆವರೆಗೆ ಹೋಗದೆ ಕೂತಿದ್ದು, ಕೊನೆಗೆ ತನ್ನ ಹೊದಿಕೆಯನ್ನೂ ಹಗ್ಗದಾಚೆ ಎಸೆದು ಬರಿ ಗಾಡಿ ಹೊಡೆದುಕೊಂಡು ಹೊರಟ.

ಜ್ವರ ಆ ದಿನ ಇಳಿಯಲಿಲ್ಲ, ಮಾರನೆಯ ದಿನವೂ ಇಳಿಯಲಿಲ್ಲ. ಹೊರಗಿನವರು ಕಲ್ಲಿನ ಮೇಲೆ ಮುದ್ದೆ ಇಟ್ಟು ದೂರ ಸರಿದು ಕೂಗುತ್ತಿದ್ದರು. ಚೌರಮ್ಮ ಉಪ್ಪುನೀರಿನಲ್ಲಿ ಗಾಯ ತೊಳೆದಳು, ಬೇವಿನೆಲೆ ಅರೆದು ಕಟ್ಟಿದಳು, ಬಾಯಿತುಂಬ ಧೈರ್ಯ ಹೇಳಿದಳು. ಸಿಬರು ಇದ್ದದ್ದು ನಿಜ. ಆದರೆ ಸಿಬರು ಚುಚ್ಚಿದ ಮೈಗೆ ಪ್ಲೇಗು ಬರಬಾರದು ಎಂದೇನೂ ಇಲ್ಲವಲ್ಲ ಎಂಬ ಯೋಚನೆಯನ್ನು ಮಾತ್ರ ತಾಯಿಯ ಮುಂದೆ ಆಡಲಿಲ್ಲ.

ಅದರ ಮರುದಿನ ಮಧ್ಯಾಹ್ನ ಮಂಗಮ್ಮನ ಕುತ್ತಿಗೆ ಬೆವರಿತು. ಮೈ ತಣ್ಣಗಾಯಿತು. ಗಂಟು ಮೆತ್ತಗಾಗಿ ಇಳಿದಿತ್ತು. ಅವಳು ಕಣ್ಣು ಬಿಟ್ಟು, ಮುದ್ದೆಗೆ ಸಾರು ಯಾಕಿಲ್ಲ ಎಂದು ಕೇಳಿದಳು. ಅಶ್ವತ್ಥಮ್ಮ ನಗಲೂ ಆಗದೆ ಅಳಲೂ ಆಗದೆ ಸಾರಿಗಾಗಿ ಹೊರಗೆ ಕೂಗಲು ಹೋದಳು.

ಅವಳು ಅತ್ತ ಹೋದಾಗ ಚೌರಮ್ಮ ಗೋಡೆಯ ಕಡೆ ತಿರುಗಿ, ಮೆಲ್ಲಗೆ ತನ್ನ ಕಂಕುಳನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಇನ್ನೊಂದನ್ನು. ತಿರುಗಿದಾಗ ಅಶ್ವತ್ಥಮ್ಮ ಬಾಗಿಲಲ್ಲಿ ನಿಂತಿದ್ದಳು. ಚೌರಮ್ಮ ಸೆರಗು ಸರಿಮಾಡಿಕೊಂಡಳು.

“ನಾಚ್ಕೆ ಯಾಕಕ್ಕ,” ಅಂದಳು ಅಶ್ವತ್ಥಮ್ಮ. “ಬಂದಾಗ್ಲಿಂದ ನಾನೂ ಮುಟ್ಟಿ ನೋಡ್ಕೋತಾನೇ ಇದೀನಿ.”

ಅಮಾವಾಸ್ಯೆಗೆ ಇನ್ನೂ ದಿನಗಳಿದ್ದವು.